ಹಳೆಯ ಮೋಟಾರಿಗೆ ದಾರಿಯ ಬುತ್ತಿ

ನಮ್ಮ ಹಿರಿಯರು ದೂರದೂರಿಗೆ ಹೊರಟರೆ ಬುತ್ತಿಯನ್ನು ಕಟ್ಟಿಕೊಳ್ಳದೆ ಹೊಸಲು ದಾಟುತ್ತಿರಲಿಲ್ಲ. ಎತ್ತಿನ ಗಾಡಿಯವನು ತನ್ನ ಬುತ್ತಿಯ ಜೊತೆಗೆ ಗಾಡಿಯ ಬುತ್ತಿಯನ್ನೂ ಕಟ್ಟಿಕೊಳ್ಳುತ್ತಿದ್ದನು. ಕೀಲೆಣ್ಣೆಯ ಕೊಳವೆ, ಒಂದು ಹೆಚ್ಚಿನ ಕಡಾಣಿ, ನಾಲ್ಕು ಮಾರು ಹಗ್ಗ, ಇಷ್ಟೇ ಆ ಬುತ್ತಿ. ಕಡಾಣಿ ಬಿದ್ದುಹೋದರೆ ಚಕ್ರ ಕಳಚುವುದೆಂದು ಅವನು ಬಲ್ಲವನಾದುದರಿಂದ ಕಡಾಣಿಯನ್ನು ಇಟ್ಟುಕೊಂಡನು. ಚಕ್ರವನ್ನೇ ಹೇರಿಕೊಂಡು ಹೋಗಲಿಲ್ಲ. ಹಳೆಯ ಮೋಟಾರು ಗಾಡಿಯುಳ್ಳವರು ದಾರಿಯಲ್ಲಿ ಕೆಟ್ಟು ನಿಂತಾಗ ಬೇಕಾಗುವ ಬಿಡಿಭಾಗಗಳಲ್ಲಿ ಯಾವುವನ್ನು ಒಯ್ಯಬೇಕು, ಯಾವುವನ್ನು ಬಿಡಬೇಕು, ಏತಕ್ಕಾಗಿ ಎಂಬುದೇ ಇಂದಿನ ನಮ್ಮ ವಿಷಯ. ಇದನ್ನು ಕೊಡಗಿನ ಪಾಲಿಬೆಟ್ಟವನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರಮಾಡೋಣ.

ಪಾಲಿಬೆಟ್ಟವು ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವಣ ಚಿಕ್ಕ ಪೇಟೆ. ಟಾಟಾ ಕಾಫಿ ಸಂಸ್ಥೆಯ ನೋಂದಾಯಿತ ಕಚೇರಿಯು ಬಹುಕಾಲ ಇಲ್ಲಿದ್ದುದರಿಂದ ಇದರ ಹೆಸರನ್ನು ದೂರದವರೂ ಕೇಳಿರುವರು. ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಲು, ತಿತಿಮತಿ ಇವು ಅದರ ನೆರೆಯ ಊರುಗಳು. ರೈಲುಮಾರ್ಗವು ಇಂದಿಗೂ ಕೊಡಗನ್ನು ಮುಟ್ಟಿಲ್ಲ. ಮೈಸೂರು ನೂರು ಕಿಲೋಮೀಟರಿಗೆ ಹತ್ತಿರ ಹತ್ತಿರ. ಆ ದಾರಿಯು ತಿತಿಮತಿಯನ್ನು ದಾಟಿದ ಮೇಲೆ ನಾಗರಹೊಳೆಯ ಕಾಡಿನ ಅಂಚನ್ನು ಹಿಡಿದು ಆನೆಚೌಕೂರಿನ ಮೂಲಕ ಹುಣಸೂರಿನ ಕಡೆಗೆ ಇಳಿಯುವುದು. ಮಳೆಗಾಲವು ಜೂನಿನಿಂದ ಸೆಪ್ಟೆಂಬರಿನ ವರೆಗೆ ಬಿಡದೆ ಹಿಡಿಯುವುದು. ಕಾಡಾನೆಗಳು ಕಾಡಿನಲ್ಲಿ ಮಾತ್ರವಲ್ಲ, ತೋಟಗಳೊಳಗೂ ರಸ್ತೆಗಳ ಮೇಲೂ ಓಡಾಡುವುವು. ಇಂತಹ ಸೀಮೆಯಲ್ಲಿ ಗಾಡಿಯು ಕೆಟ್ಟು ನಿಲ್ಲುವುದೆಂದರೆ ಬೆಂಗಳೂರಿನ ಬೀದಿಯಲ್ಲಿ ನಿಂತ ಹಾಗಲ್ಲ.

ಈ ಸೀಮೆಯಲ್ಲಿ ಹಳೆಯ ಗಾಡಿಗಳಿಗೆ ಕೊರತೆಯಿಲ್ಲ. ಎರಡನೆಯ ಮಹಾಯುದ್ಧಕ್ಕಾಗಿ 1941ರಲ್ಲಿ ಅಮೆರಿಕದಲ್ಲಿ ವಿಲ್ಲಿಸ್ ಜೀಪು ತಯಾರಾಗತೊಡಗಿತು. 1947ರಿಂದ ಮಹೀಂದ್ರದವರು ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಕೆಸರಿನಲ್ಲಿ ನಾಲ್ಕು ಚಕ್ರಗಳಿಂದಲೂ ಎಳೆಯಬಲ್ಲ ಆ ಗಾಡಿಯು ಕಾಫಿ ತೋಟಕ್ಕೆ ಹೇಳಿ ಮಾಡಿಸಿದಂತಿದ್ದಿತು. ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಮೂಡಿದ ಅಂಬಾಸಡರು ಉತ್ತರಪಾರಾದ ಕಾರ್ಖಾನೆಯಿಂದ 2014ರ ವರೆಗೆ ಹೊರಬಿದ್ದಿತು. ಈ ಗಾಡಿಗಳಲ್ಲಿ ಎಷ್ಟೋ ಇನ್ನೂ ಓಡುತ್ತಿವೆ. ಆದರೆ ಅವುಗಳ ಬಿಡಿಭಾಗಗಳು ಹೋಬಳಿಯ ಅಂಗಡಿಯಲ್ಲಿ ಇಂದು ದೊರೆಯುವುದು ಅಪರೂಪ. ಬೆಂಗಳೂರಿನ ಜೆ. ಸಿ. ರಸ್ತೆಗೋ ಮೈಸೂರಿಗೋ ಹೇಳಿಕಳುಹಿಸಿ ಎರಡು ದಿನ ಕಾಯಬೇಕು. ಹೊಸ ಗಾಡಿಯವನಿಗೆ ಕಂಪೆನಿಯ ಸಹಾಯವಾಹನವುಂಟು. ಹಳೆಯ ಗಾಡಿಯವನಿಗೆ ತನ್ನ ಪೆಟ್ಟಿಗೆಯೇ ಗತಿ.

ಇದು ಕೇವಲ ಹವ್ಯಾಸದ ಮಾತೆಂದು ಯಾರೂ ತಿಳಿಯಬಾರದು. ಕರ್ನಾಟಕದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆ 2008ರಲ್ಲಿ ಬಂದಿತು. ಅದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಆದರೆ ತೋಟದ ಒಳಗಿನ ಲೈನುಮನೆಗಳಿಂದ ಡಾಂಬರು ರಸ್ತೆಯ ವರೆಗೆ ಇರುವ ಕೆಸರು ದಾರಿಯಲ್ಲಿ ರೋಗಿಯನ್ನು ತರಬೇಕಾದುದು ಅನೇಕ ವೇಳೆ ತೋಟದ ಜೀಪೇ. ಆಗಸ್ಟಿನ ಒಂದು ರಾತ್ರಿ ಹೆರಿಗೆಯ ನೋವು ತಿನ್ನುತ್ತಿರುವ ಹೆಂಗಸು ಆ ಜೀಪಿನ ಹಿಂಬದಿಯಲ್ಲಿ ಮಲಗಿದ್ದಾಳೆಂದು ಭಾವಿಸಿರಿ. ಹೆಬ್ಬೆರಳಿನ ಗಾತ್ರದ ಒಂದು ಕಂಡೆನ್ಸರು ಕೆಟ್ಟಿದ್ದರಿಂದ ಗಾಡಿಯು ನಿಂತರೆ ನಷ್ಟವು ಗಾಡಿಯ ಒಡೆಯನದಲ್ಲ. ಗಾಡಿಯನ್ನು ಆರಿಸಿಕೊಂಡವನು ಅವನು. ಹಿಂದೆ ಮಲಗಿರುವವಳಿಗೆ ಬೇರೆ ಗಾಡಿಯನ್ನು ಆರಿಸಿಕೊಳ್ಳುವ ಅವಕಾಶವಿರಲಿಲ್ಲ. ಆದಕಾರಣ ಬಿಡಿಭಾಗಗಳ ಪೆಟ್ಟಿಗೆಯನ್ನು ಸಿದ್ಧವಾಗಿಡುವುದು ಅವನ ಕರ್ತವ್ಯಗಳಲ್ಲಿ ಒಂದೆಂದು ನಾವು ಹೇಳುತ್ತೇವೆ.

ಹಾಗೆಂದು ಕಂಡದ್ದನ್ನೆಲ್ಲ ಹೇರಿಕೊಳ್ಳುವುದೂ ಸರಿಯಲ್ಲ. ಪೆಟ್ಟಿಗೆಗೆ ಹಾಕುವ ಪ್ರತಿಯೊಂದು ವಸ್ತುವನ್ನೂ ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬೇಕು. ಮೊದಲನೆಯದು, ಇದು ಮುನ್ಸೂಚನೆಯಿಲ್ಲದೆ ಕೆಡುವ ವಸ್ತುವೇ? ಎರಡನೆಯದು, ಇದು ಕೆಟ್ಟರೆ ಗಾಡಿ ನಿಂತೇಹೋಗುವುದೇ? ಮೂರನೆಯದು, ರಸ್ತೆಯ ಬದಿಯಲ್ಲಿ ಟಾರ್ಚಿನ ಬೆಳಕಿನಲ್ಲಿ ಇದನ್ನು ನಮ್ಮ ಕೈಯಿಂದಲೇ ಬದಲಾಯಿಸಲು ಸಾಧ್ಯವೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಅದು ಪೆಟ್ಟಿಗೆಗೆ ಸೇರತಕ್ಕದ್ದು. ಗೇರುಪೆಟ್ಟಿಗೆಯ ಹಲ್ಲುಚಕ್ರವು ಎರಡನೆಯ ಪ್ರಶ್ನೆಯಲ್ಲಿ ಗೆದ್ದರೂ ಮೂರನೆಯದರಲ್ಲಿ ಸೋಲುವುದು. ಗಾಜು ಒರೆಸುವ ವೈಪರಿನ ರಬ್ಬರು ಬೇಸಗೆಯಲ್ಲಿ ಎರಡನೆಯದರಲ್ಲಿ ಸೋಲುವುದು. ಕೊಡಗಿನ ಜುಲೈ ತಿಂಗಳಿನಲ್ಲಿ ಗೆಲ್ಲುವುದು. ಪಟ್ಟಿಯು ಊರಿಗೂ ಕಾಲಕ್ಕೂ ತಕ್ಕಂತೆ ಬದಲಾಗಬೇಕೆಂಬುದಕ್ಕೆ ಇದೊಂದೇ ಉದಾಹರಣೆ ಸಾಕು.

ಪೆಟ್ರೋಲು ಗಾಡಿಯ ವಿಚಾರದಲ್ಲಿ ಮೊದಲ ಸ್ಥಾನವು ಕಿಡಿಯನ್ನು ಹುಟ್ಟಿಸುವ ಅಂಗಗಳದು. ನಾಲ್ಕು ಸಿಲಿಂಡರುಗಳ ಎಂಜಿನು ಒಂದು ಸುತ್ತು ತಿರುಗಿದರೆ ಎರಡು ಕಿಡಿಗಳು ಬೇಕು. ನಿಮಿಷಕ್ಕೆ 2000 ಸುತ್ತುಗಳಾದರೆ 4000 ಕಿಡಿಗಳು. ಅಷ್ಟು ಸಲವೂ ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳೆಂಬ ಎರಡು ಲೋಹದ ತುದಿಗಳು ಕೂಡಿ ಅಗಲುವುವು. ಅಗಲಿದ ಕ್ಷಣದಲ್ಲಿ ಕಾಯಿಲಿನಲ್ಲಿ ಹೆಚ್ಚಿನ ಒತ್ತಡದ ವಿದ್ಯುತ್ತು ಹುಟ್ಟಿ ಪ್ಲಗ್ಗಿಗೆ ಹಾರುವುದು. ಅಗಲುವಾಗ ಆ ತುದಿಗಳಲ್ಲೇ ಕಿಡಿಯೆದ್ದು ಅವು ಸುಟ್ಟುಹೋಗದಂತೆ ವಿದ್ಯುತ್ತಿನ ನೆಗೆತವನ್ನು ಹೀರಿಕೊಳ್ಳುವುದು ಕಂಡೆನ್ಸರಿನ ಕೆಲಸ. ಕಂಡೆನ್ಸರು ಸೋತರೆ ಕಿಡಿಯು ಕುಂದುವುದು, ಪಾಯಿಂಟುಗಳು ಕಪ್ಪಾಗುವುವು, ಎಂಜಿನು ನಿಲ್ಲುವುದು. ಇದಾವುದಕ್ಕೂ ಮುನ್ಸೂಚನೆಯಿಲ್ಲ. ಆದುದರಿಂದ ಒಂದು ಜೊತೆ ಪಾಯಿಂಟು, ಒಂದು ಕಂಡೆನ್ಸರು, ಒಂದು ರೋಟರು, ಎರಡು ಪ್ಲಗ್ಗು, ಒಂದು ಕಾಯಿಲು ಇರಲೇಬೇಕು. ಕಾಯಿಲನ್ನು ಬಿಟ್ಟರೆ ಉಳಿದುವೆಲ್ಲ ಒಂದು ಸಣ್ಣ ನಶ್ಯದ ಡಬ್ಬಿಯಷ್ಟು ಜಾಗವನ್ನು ಮಾತ್ರ ಬೇಡುವುವು. ಪಾಯಿಂಟುಗಳ ನಡುವಣ ಸಂದು ಅಂಬಾಸಡರಿನಲ್ಲಿ ಸುಮಾರು 0.4 ಮಿಲಿಮೀಟರು, ಹಳೆಯ ವಿಲ್ಲಿಸ್ ಜೀಪಿನಲ್ಲಿ ಸುಮಾರು 0.5 ಮಿಲಿಮೀಟರು. ಅದನ್ನು ಅಳೆಯುವ ಉಕ್ಕಿನ ತೆಳು ಪಟ್ಟಿಯೂ ಜೊತೆಯಲ್ಲಿರಲಿ.

ಎರಡನೆಯದು ಫ್ಯಾನು ಬೆಲ್ಟು. ನೋಡಲು ಒಂದು ರಬ್ಬರಿನ ಪಟ್ಟಿ; ಆದರೆ ಬೀಸಣಿಗೆಯನ್ನೂ ನೀರಿನ ಪಂಪನ್ನೂ ಡೈನಮೋವನ್ನೂ ತಿರುಗಿಸತಕ್ಕದ್ದು ಅದೇ. ಅದು ಹರಿದರೆ ಮೂರೂ ಒಟ್ಟಿಗೆ ನಿಲ್ಲುವುವು. ಬ್ಯಾಟರಿಯು ಒಂದಷ್ಟು ಹೊತ್ತು ತಡೆದೀತು. ಆದರೆ ಏರು ದಾರಿಯಲ್ಲಿ ಎಂಜಿನಿನ ನೀರು ಕೆಲವೇ ನಿಮಿಷಗಳಲ್ಲಿ ಕುದಿಯುವುದು. ಎತ್ತರದ ಪ್ರದೇಶದಲ್ಲಿ ಗಾಳಿಯ ಒತ್ತಡ ಕಡಮೆ. ಕೊಡಗಿನ ಈ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಎರಡು ಮೂರು ಡಿಗ್ರಿ ಮೊದಲೇ ಕುದಿಯುವುದೆಂಬುದು ವಿಜ್ಞಾನ ಓದಿದವರಿಗೆ ತಿಳಿದ ಸಂಗತಿ. ರೇಡಿಯೇಟರಿನ ಮುಚ್ಚಳದಲ್ಲಿರುವ ಸ್ಪ್ರಿಂಗು ಮತ್ತು ರಬ್ಬರು ಒಳಗಿನ ಒತ್ತಡವನ್ನು ಹೆಚ್ಚಿಸಿ ಈ ಕೊರತೆಯನ್ನು ನೀಗಿಸುವುವು. ಆದಕಾರಣ ಬೆಲ್ಟಿನ ಸಂಗಡ ಮುಚ್ಚಳವೊಂದು, ಮೇಲಿನ ಮತ್ತು ಕೆಳಗಿನ ರಬ್ಬರು ಹೋಸು, ನಾಲ್ಕು ಕ್ಲಿಪ್ಪು, ಐದು ಲೀಟರು ನೀರು ಇರಬೇಕು. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಆರುವ ವರೆಗೆ ಯಾರೂ ಮುಟ್ಟಲಾಗದು. ಅವಸರದಲ್ಲಿ ತೆಗೆದು ಮುಖವನ್ನು ಬೇಯಿಸಿಕೊಂಡವರು ಎಲ್ಲ ಊರುಗಳಲ್ಲಿಯೂ ಉಂಟು.

ಮೂರನೆಯದು ಪೆಟ್ರೋಲಿನ ದಾರಿ. ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಊಡುವ ಪಂಪಿನೊಳಗೆ ಡಯಾಫ್ರಮು ಎಂಬ ರಬ್ಬರು ಸವರಿದ ಬಟ್ಟೆಯುಂಟು. ಅದು ತೂತಾದರೆ ಎಂಜಿನಿಗೆ ಆಹಾರವಿಲ್ಲ. ಇಲ್ಲಿ ಇತ್ತೀಚಿನ ಒಂದು ಬದಲಾವಣೆಯನ್ನು ಗಮನಿಸಬೇಕು. ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟವು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಗಿ ಬೇಗನೆ ಎಲ್ಲೆಡೆಗೂ ಹಬ್ಬಿತು. ಹಳೆಯ ಕಾಲದ ರಬ್ಬರಿಗೆ ಎಥನಾಲು ಹಿಡಿಸದು. ಕೆಲವು ಬಗೆಯ ರಬ್ಬರು ಉಬ್ಬುವುದು, ಕೆಲವು ಬಿರುಸಾಗಿ ಸೀಳುವುದು. ಮೂವತ್ತು ವರ್ಷಗಳ ಹಿಂದಿನ ಡಯಾಫ್ರಮು ಕಾಗದದ ಹೊದಿಕೆಯಲ್ಲಿ ಮುಚ್ಚಿಟ್ಟಂತೆಯೇ ಸಿಕ್ಕಿತೆಂದು ಹಿಗ್ಗುವವರುಂಟು. ಅದು ನಿಧಿಯಲ್ಲ. ಎಥನಾಲನ್ನು ತಾಳುವ ಹೊಸ ರಬ್ಬರಿನ ಡಯಾಫ್ರಮು, ಅಂತಹುದೇ ಎರಡು ಮೂರು ಅಡಿ ಪೆಟ್ರೋಲು ಕೊಳವೆ, ಒಂದು ಶೋಧಕ, ಇವುಗಳಿಗೇ ಪೆಟ್ಟಿಗೆಯಲ್ಲಿ ಸ್ಥಾನ.

ಗಾಡಿಯು ನಿಂತಾಗ ದೋಷವು ಕಿಡಿಯಲ್ಲೋ ಪೆಟ್ರೋಲಿನಲ್ಲೋ ಎಂಬುದನ್ನು ತಿಳಿಯಲು ಅನುಭವಸ್ಥರು ಬಳಸುವ ಒಂದು ಸುಲಭ ಲಕ್ಷಣವಿದೆ. ದೀಪವನ್ನು ಆರಿಸಿದಂತೆ ತಟ್ಟನೆ ನಿಂತರೆ ಸಾಮಾನ್ಯವಾಗಿ ವಿದ್ಯುತ್ತಿನ ದೋಷ. ಕೆಮ್ಮಿ, ತಡವರಿಸಿ, ಸ್ವಲ್ಪ ಚೇತರಿಸಿಕೊಂಡು ಕಡೆಗೆ ನಿಂತರೆ ಪೆಟ್ರೋಲಿನ ದೋಷ. ವೈದ್ಯನು ನಾಡಿಯನ್ನು ಹಿಡಿಯುವ ಮೊದಲು ರೋಗಿಯ ಮಾತನ್ನು ಕೇಳುವಂತೆ, ಬಾನೆಟ್ಟನ್ನು ಎತ್ತುವ ಮೊದಲು ಗಾಡಿಯು ನಿಂತ ಬಗೆಯನ್ನು ಜ್ಞಾಪಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಡೀಸೆಲ್ ಜೀಪುಗಳಿಗೆ ಪಾಯಿಂಟೂ ಇಲ್ಲ, ಪ್ಲಗ್ಗಿನ ಕಿಡಿಯೂ ಇಲ್ಲ. ಅಲ್ಲಿ ವೈರಿಯೆಂದರೆ ಗಾಳಿ. ಡೀಸೆಲ್ಲಿನ ಕೊಳವೆಯೊಳಗೆ ಗಾಳಿ ಸೇರಿದರೆ ಪಂಪು ಎಣ್ಣೆಯನ್ನು ಒತ್ತುವ ಬದಲು ಗಾಳಿಯನ್ನು ಹಿಸುಕುತ್ತಿರುವುದು, ಎಂಜಿನು ಹೊತ್ತಿಕೊಳ್ಳದು. ಶೋಧಕದ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತಿ, ಗುಳ್ಳೆಗಳು ಹೋಗಿ ಎಣ್ಣೆ ಮಾತ್ರ ಬರುವ ವರೆಗೆ ಗಾಳಿಯನ್ನು ಬಿಡಬೇಕು. ಇದಕ್ಕೆ ಬೇಕಾದುವು ಒಂದು ಶೋಧಕ, ಕೆಲವು ತಾಮ್ರದ ವಾಷರು, ಆ ತಿರುಪಿಗೆ ಸರಿಹೊಂದುವ ಒಂದು ಸ್ಪ್ಯಾನರು, ಅಷ್ಟೇ.

ಇನ್ನು ಚಕ್ರ. ಹೆಚ್ಚಿನ ಚಕ್ರವು ಎಲ್ಲ ಗಾಡಿಗಳಲ್ಲಿಯೂ ಇರುವುದು. ಅದರಲ್ಲಿ ಗಾಳಿಯಿರುವುದೇ ಎಂಬುದು ಬೇರೆ ಪ್ರಶ್ನೆ. ಸವೆಯದ ಟಯರು ಹೊಸದೆಂಬುದು ಭ್ರಾಂತಿ. ಬಳಸದೆ ಇಟ್ಟರೂ ರಬ್ಬರಿಗೆ ಮುಪ್ಪು ಬರುವುದು. ಇಂದಿನ ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುವುವು. ಮೊದಲ ಎರಡು ವಾರವನ್ನೂ ಕಡೆಯ ಎರಡು ವರ್ಷವನ್ನೂ ತಿಳಿಸುವುವು. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಟ್ಯೂಬೊಂದು, ತೇಪೆ ಮತ್ತು ಸೊಲ್ಯೂಷನು, ವಾಲ್ವಿನ ಒಳಗಣ ಪಿನ್ನು, ಕೈಪಂಪು, ಜಾಕು, ಜಾಕಿನ ಅಡಿಗೆ ಇಡಲು ಒಂದು ಗಟ್ಟಿ ಹಲಗೆ ಇವು ಬೇಕು. ಆ ಹಲಗೆಯಿಲ್ಲದಿದ್ದರೆ ಪಾಲಿಬೆಟ್ಟದ ಮಳೆಗಾಲದಲ್ಲಿ ಗಾಡಿಯು ಮೇಲೇಳುವ ಬದಲು ಜಾಕೇ ಮಣ್ಣಿನೊಳಕ್ಕೆ ಇಳಿಯುವುದು. ಮತ್ತೊಂದು ಸೂಕ್ಷ್ಮ: ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಪಕ್ಕದ ಚಕ್ರಗಳ ನಟ್ಟುಗಳಿಗೆ ಎಡಸುತ್ತಿನ ಮರೆಯಿರುವುದು. ಅದನ್ನರಿಯದವನು ಬಿಚ್ಚುತ್ತೇನೆಂದು ಬಿಗಿಯುತ್ತಲೇ ಹೋಗಿ ಕಡೆಗೆ ಬೋಲ್ಟನ್ನು ಮುರಿಯುವನು.

ಉಳಿದ ಚಿಲ್ಲರೆ ವಸ್ತುಗಳನ್ನು ಒಟ್ಟಿಗೆ ಹೇಳಿಬಿಡಬಹುದು. ಫ್ಯೂಸುಗಳು, ತಲೆದೀಪದ ಒಂದು ಬಲ್ಬು, ಆಕ್ಸಲರೇಟರಿನ ತಂತಿ, ಕ್ಲಚ್ಚಿಗೆ ತಂತಿಯಿರುವ ಗಾಡಿಯಾದರೆ ಅದರದೂ ಒಂದು, ಬ್ರೇಕಿನ ಎಣ್ಣೆ, ಒಂದು ಲೀಟರು ಎಂಜಿನ್ ಎಣ್ಣೆ, ಕೆಲವು ಗಜ ವಿದ್ಯುತ್ ತಂತಿ, ಕಟ್ಟುವ ಕಬ್ಬಿಣದ ತಂತಿ, ಇನ್ಸುಲೇಷನ್ ಟೇಪು, ನಾಲ್ಕಾರು ನಟ್ಟು ಬೋಲ್ಟು. ಯುದ್ಧಕಾಲದ ಸೈನ್ಯದ ಜೀಪಿನ ಜೊತೆಗೆ ಕೊಡುತ್ತಿದ್ದ ಸಾಮಾನುಗಳಲ್ಲಿಯೂ ಫ್ಯಾನು ಬೆಲ್ಟು, ಪ್ಲಗ್ಗು, ಬಲ್ಬು, ವಾಲ್ವಿನ ಪಿನ್ನು, ಟೇಪು, ತಂತಿ ಇಂತಹವೇ ಇದ್ದುವು. ಅಂಗಡಿಯಿಲ್ಲದ ಮರುಭೂಮಿಗೂ ಕಾಡಿಗೂ ಗಾಡಿಯನ್ನು ಕಳುಹಿಸಿದವರ ಪಟ್ಟಿ ಅಷ್ಟು ಚಿಕ್ಕದಾಗಿದ್ದಿತೆಂಬುದು ಯೋಚಿಸತಕ್ಕ ವಿಷಯ.

ಒಯ್ಯಬಾರದ ವಸ್ತುಗಳು ಯಾವುವು? ಗೇರುಗಳು, ಆಕ್ಸಲ್ಲು, ಪಿಸ್ಟನ್ನು, ಸಿಲಿಂಡರಿನ ತಲೆಯ ಗ್ಯಾಸ್ಕೆಟ್ಟು. ಇವು ಕೆಟ್ಟರೆ ರಸ್ತೆಯ ಬದಿಯಲ್ಲಿ ಮಾಡಬಹುದಾದುದು ಕಡಮೆ. ಇವೆಲ್ಲಕ್ಕೂ ಬದಲಾಗಿ ಒಂದೇ ವಸ್ತುವನ್ನು ಒಯ್ದರೆ ಸಾಕು. ಅದು ಎಳೆಯುವ ಹಗ್ಗ. ಇವನ್ನು ಕೊಂಡು ಇಡಬೇಡಿರೆಂದು ನಾವು ಹೇಳುವುದಿಲ್ಲ. ತಯಾರಿಕೆ ನಿಂತ ಗಾಡಿಯಾದುದರಿಂದ ಸಿಕ್ಕಾಗ ಕೊಳ್ಳುವುದು ಜಾಣತನವೇ. ಆದರೆ ಅವುಗಳ ಸ್ಥಳ ಮನೆಯ ಅಟ್ಟ, ಗಾಡಿಯ ಹಿಂಬದಿಯಲ್ಲ. ನಲವತ್ತು ಕಿಲೋಗ್ರಾಮು ಕಬ್ಬಿಣವನ್ನು ಹೊತ್ತು ತಿರುಗುವ ಗಾಡಿಗೆ ಆ ಭಾರದಿಂದಲೇ ಸ್ಪ್ರಿಂಗು ಸೋತೀತು.

ಬಿಡಿಭಾಗವಿದ್ದು ಸಲಕರಣೆಯಿಲ್ಲದಿದ್ದರೆ ಎಲೆಯಿಟ್ಟು ಅನ್ನವಿಲ್ಲದಂತೆ. ಜೀಪು ಮತ್ತು ಅಂಬಾಸಡರಿನ ನಟ್ಟುಗಳು ಅಂಗುಲದ ಅಳತೆಯವು, ಫಿಯಟ್ಟಿನವು ಮಿಲಿಮೀಟರಿನವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು, ಅದಕ್ಕೆ 13ರ ಸ್ಪ್ಯಾನರನ್ನು ಹಾಕಿ ತಿರುಗಿಸಿದರೆ ಒಂದೆರಡು ಸಲ ನಡೆದೀತು, ಆಮೇಲೆ ನಟ್ಟಿನ ಮೂಲೆಗಳು ಸವೆದು ಯಾವ ಸ್ಪ್ಯಾನರಿಗೂ ಸಿಕ್ಕದಂತಾಗುವುದು. ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ಭಾಗವನ್ನೂ ಬಿಚ್ಚಿ ಕೂರಿಸಲು ಯಾವ ಸ್ಪ್ಯಾನರು ಬೇಕೆಂಬುದನ್ನು ಮನೆಯಲ್ಲಿಯೇ ನೋಡಿ, ಅಷ್ಟನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಡಬೇಕು.

ಎಲ್ಲಕ್ಕಿಂತ ಮುಖ್ಯವಾದ ನಿಯಮವೊಂದನ್ನು ಇಲ್ಲಿಯ ವರೆಗೆ ಉಳಿಸಿಕೊಂಡಿದ್ದೇವೆ. ಪೆಟ್ಟಿಗೆಯಲ್ಲಿರಬೇಕಾದುದು ಅಂಗಡಿಯಿಂದ ತಂದ ಹೊಸ ಭಾಗವಲ್ಲ. ಹೊಸದನ್ನು ಮನೆಯಲ್ಲಿಯೇ ಗಾಡಿಗೆ ಹಾಕಿ ಕೆಲವು ದಿನ ಓಡಿಸಿ, ಬಿಚ್ಚಿದ ಹಳೆಯದು ಚೆನ್ನಾಗಿದ್ದರೆ ಅದನ್ನೇ ಪೆಟ್ಟಿಗೆಯಲ್ಲಿ ಇಡಬೇಕು. ಇದು ಮೊದಲಿಗೆ ತಿರುಗುಮುರುಗಾಗಿ ತೋರಬಹುದು. ಆದರೆ ಕಾರಣವು ಸ್ಪಷ್ಟ. ಇಂದು ಹಳೆಯ ಗಾಡಿಗಳಿಗೆಂದು ಮಾರುವ ಭಾಗಗಳಲ್ಲಿ ನಕಲಿಯೂ ಕಳಪೆಯೂ ಬಹಳ. ಹೊಸ ಕಂಡೆನ್ಸರು ಮೊದಲ ದಿನವೇ ಕೆಡುವುದುಂಟು; ಬೆಲ್ಟು ಅರ್ಧ ಅಂಗುಲ ಗಿಡ್ಡವಾಗಿ ಕೂರದಿರುವುದುಂಟು. ಹಾಕಿ ನೋಡದ ಭಾಗವು ಬರಿಯ ಆಶ್ವಾಸನೆ. ಓಡಿ ಬಂದ ಭಾಗವು ಪರೀಕ್ಷೆಯಲ್ಲಿ ಉತ್ತೀರ್ಣವಾದುದು. ಅಲ್ಲದೆ ಮನೆಯಲ್ಲಿ ಹಗಲಿನಲ್ಲಿ ಒಮ್ಮೆ ಬದಲಾಯಿಸಿದ ಕೈಗೆ ರಾತ್ರಿಯಲ್ಲಿ ಅದೇ ಕೆಲಸ ಹೊಸದಾಗಿರದು. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಹೆಚ್ಚು ದಿನ ಬಾರವೆಂಬ ಗಾದೆಯು ಇಲ್ಲಿಯೂ ಸಲ್ಲುವುದು.

ಕಾಡಿನ ದಾರಿಯು ಇನ್ನೊಂದು ಪಾಠವನ್ನು ಕಲಿಸುವುದು. ತಿತಿಮತಿಗೂ ಆನೆಚೌಕೂರಿಗೂ ನಡುವೆ ಕತ್ತಲೆಯಲ್ಲಿ ಗಾಡಿ ನಿಂತರೆ ಬಾನೆಟ್ಟನ್ನೆತ್ತಿ ತಲೆಯನ್ನು ಒಳಕ್ಕೆ ಚಾಚಿ ನಿಲ್ಲುವುದು ವಿವೇಕವಲ್ಲ. ಹಿಂದೆ ಏನು ಬಂದು ನಿಂತಿದೆಯೆಂಬುದು ಆ ಮನುಷ್ಯನಿಗೆ ತಿಳಿಯದು. ಅಲ್ಲಿ ಗಾಡಿಯೊಳಗೇ ಕುಳಿತು, ದೀಪಗಳನ್ನು ಮಿಣುಕಿಸುತ್ತ, ಬರುವ ಬಸ್ಸನ್ನೋ ಲಾರಿಯನ್ನೋ ಕಾಯ್ದು, ಹಗ್ಗ ಕಟ್ಟಿಸಿಕೊಂಡು ಊರು ಸೇರುವುದೇ ಮೇಲು. ಆದುದರಿಂದ ಕಾಡನ್ನು ಹೊಗುವ ಮೊದಲೇ ಹಗಲಿನಲ್ಲಿ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡುವುದು, ನೀರನ್ನೂ ಎಣ್ಣೆಯನ್ನೂ ಟಯರನ್ನೂ ನೋಡುವುದು ಪೆಟ್ಟಿಗೆಯ ಎಲ್ಲ ಸಾಮಾನುಗಳಿಗಿಂತ ಬೆಲೆಯುಳ್ಳದ್ದು. ಮಳೆಗಾಲದಲ್ಲಿ ದಾರಿಯೇ ಇಲ್ಲದೆ ಹೋಗಬಹುದೆಂಬುದನ್ನೂ ಮರೆಯಬಾರದು. 2018ರ ಆಗಸ್ಟಿನಲ್ಲಿ ಭೂಕುಸಿತದಿಂದ ಮಡಿಕೇರಿ ಮಂಗಳೂರು ರಸ್ತೆ ಮುಚ್ಚಿಹೋಯಿತು. 2019ರ ಆಗಸ್ಟಿನಲ್ಲಿ ಕಾವೇರಿಯ ನೀರು ಸಿದ್ದಾಪುರದ ಕರಡಿಗೋಡಿನ ಮನೆಗಳಿಗೆ ನುಗ್ಗಿತು. ಅಂತಹ ದಿನಗಳಲ್ಲಿ ಮೈಸೂರಿನಿಂದ ಬಿಡಿಭಾಗ ಬರಲೆಂದು ಕಾಯುವ ಮಾತೇ ಇಲ್ಲ.

ಕಡೆಯದಾಗಿ ಇಡುವ ಕ್ರಮ. ಕೊಡಗಿನ ತೇವವು ಆರು ವಾರಗಳಲ್ಲಿ ಹೊಳೆಯುವ ಉಕ್ಕನ್ನು ಕೆಂಪು ಮಾಡಬಲ್ಲದು. ಲೋಹದ ಭಾಗಗಳಿಗೆ ತೆಳುವಾಗಿ ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಪಾಯಿಂಟುಗಳ ತುದಿಗೂ ರಬ್ಬರಿಗೂ ಎಣ್ಣೆ ತಗಲಬಾರದು. ಡಬ್ಬಿಯ ಮುಚ್ಚಳದ ಒಳಗೆ ಪಟ್ಟಿಯನ್ನು ಬರೆದು ಅಂಟಿಸಿರಲಿ. ಯಾವ ಭಾಗವನ್ನು ಎಂದು ಪರೀಕ್ಷಿಸಿದುದೆಂಬ ತಾರೀಖೂ ಇರಲಿ. ಒಂದನ್ನು ಬಳಸಿದರೆ ಮನೆಗೆ ಬಂದ ವಾರದೊಳಗೆ ಅದರ ಸ್ಥಾನವನ್ನು ತುಂಬಬೇಕು. ಜೂನಿನ ಮೊದಲ ಮಳೆಗೆ ಮುಂಚೆ ಒಮ್ಮೆ, ಕಾಫಿ ಕೊಯ್ಲು ಆರಂಭವಾಗುವ ನವೆಂಬರಿಗೆ ಮುಂಚೆ ಒಮ್ಮೆ ಡಬ್ಬಿಯನ್ನು ನೆಲದ ಮೇಲೆ ಸುರಿದು ನೋಡುವ ಅಭ್ಯಾಸವನ್ನು ಇಟ್ಟುಕೊಂಡರೆ ವರ್ಷಕ್ಕೆ ಎರಡು ಬೆಳಗಿನ ಕೆಲಸ. ಗಾಡಿಯನ್ನು ಓಡಿಸುವವನು ಒಡೆಯನಲ್ಲದೆ ಬೇರೆಯವನಾದರೆ ಆ ಬೆಳಗಿನಲ್ಲಿ ಅವನನ್ನೂ ಜೊತೆಗೆ ಕೂರಿಸಿಕೊಂಡು ಪ್ರತಿಯೊಂದನ್ನೂ ಅವನ ಕೈಯಿಂದಲೇ ಬಿಚ್ಚಿಸಿ ಕೂರಿಸಬೇಕು. ಏಕೆಂದರೆ ಲೈನುಮನೆಯ ಬಾಗಿಲಿಗೆ ಜೀಪನ್ನು ತರಲು ರಾತ್ರಿ ಎರಡು ಗಂಟೆಗೆ ಎದ್ದು ಹೋಗುವವನು ಬಹುಮಟ್ಟಿಗೆ ಅವನೇ.